ಯಾರೂ ಇಲ್ಲದವನೇ, ಊಟಕ್ಕೆ ಬಾ

ಆ ಮನೆಯಲ್ಲಿ ಅತ್ತೆ ಸೊಸೆಗೆ ಜಗಳ ಹತ್ತಿಕೊಳ್ಳಲು ಹೆಚ್ಚು ಸೌದೆ ಬೇಕಿರಲಿಲ್ಲ. ಅವತ್ತು ಒಂದು ಹಳೇ ಅಂಗಿ ಸಾಕಾಯಿತು.

ಕೆಂಡದ ಇಸ್ತ್ರಿ ಪೆಟ್ಟಿಗೆಯ ಹಿಡಿ ಕೈ ಸುಡುತ್ತಿತ್ತು. ಸುತ್ತಲು ಬಟ್ಟೆ ಹುಡುಕಿದ ಸೊಸೆ ಅಂಗಡಿಯ ಅಟ್ಟದಿಂದ ನೀಲಿ ಗೀಟಿನ ಅಂಗಿಯೊಂದನ್ನು ಎಳೆದು, ತೋಳಿಗೆ ಕತ್ತರಿ ಇಟ್ಟಳು. ಹಿಂದಿನಿಂದ ಅತ್ತೆಯ ಕೈ ಬಂದು ಕತ್ತರಿಯನ್ನೇ ಹಿಡಿದುಕೊಂಡಿತು.

"ಎಲ್ಲಿತ್ತೋ ಅಲ್ಲಿಡು."

"ಅತ್ತೆ, ನಾನು ಈ ಮನೆಗೆ ಬಂದು ಎಂಟು ವರ್ಷ ಆಯ್ತು. ಅವತ್ತಿಂದ ಇದು ಅಲ್ಲೇ ಕೂತಿದೆ. ಯಾರಾದ್ರೂ ಬಂದ್ರಾ?"

"ಬರದೇ ಇದ್ರೆ ನಿಂದಾಗುತ್ತಾ?"

"ಹಾಗಾದ್ರೆ ಗಾಜಿನ ಬೀರುವಲ್ಲಿಟ್ಟು ಟಿಕೆಟ್ ಮಾಡಿ. ಜನ ನೋಡ್ಕೊಂಡು ಹೋಗಲಿ."

ಅತ್ತೆ ಅಂಗಿಯನ್ನು ಕೊಡವಿ, ಮತ್ತೆ ಇಸ್ತ್ರಿ ಮಾಡಿ, ಮಡಿಸಿ, ಸ್ಟೂಲು ಹತ್ತಿ ಅಟ್ಟಕ್ಕೇರಿಸಿದಳು. ಅರವತ್ತನಾಲ್ಕು ವರ್ಷದವಳು ಸ್ಟೂಲು ಹತ್ತುವುದನ್ನು ನೋಡಿ ಸೊಸೆ ಗೊಣಗುತ್ತಲೇ ಸ್ಟೂಲಿನ ಕಾಲು ಹಿಡಿದುಕೊಂಡಳು.

ಬೀದಿಗೆಲ್ಲ ಆಕೆ ಅಕ್ಕ. ಮೆಡಿಕಲ್ ಕಾಲೇಜಿನ ಹಿಂದಿನ ಗೇಟಿಗೆ ಎದುರಾಗಿರುವ ಓಣಿಯಲ್ಲಿ ಮನೆ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರಕ್ಕೆ. ವಾರಕ್ಕೆ ಮುನ್ನೂರು ಬಿಳಿ ಕೋಟು ಕಾಲೇಜಿನಿಂದ ಗಂಟು ಕಟ್ಟಿಕೊಂಡು ಬರುತ್ತಿದ್ದವು, ಒಗೆದು ಗಂಜಿ ಹಾಕಿಸಿಕೊಂಡು ಹೋಗುತ್ತಿದ್ದವು. ಹೊರುವುದಕ್ಕೆ ಮಗನ ಗೂಡ್ಸ್ ಆಟೋ ಇತ್ತು. ಮನೆಯ ಅನ್ನ ಬೇಯುತ್ತಿದ್ದುದೇ ಆ ಕೋಟುಗಳಿಂದ.

ಅಂಗಡಿಯಲ್ಲಿ ಅಕ್ಕನದು ಒಂದೇ ಕಾಯಿದೆ. ಕೊಟ್ಟು ಹೋದವರು ಬಾರದಿದ್ದರೂ ಬಟ್ಟೆ ಅವರದ್ದೇ. ಉಡುವಂತಿಲ್ಲ, ಮಾರುವಂತಿಲ್ಲ, ಒರೆಸುವ ಬಟ್ಟೆ ಮಾಡುವಂತಿಲ್ಲ. ಅದಕ್ಕೆಂದೇ ಆ ಅಟ್ಟ, ಅದಕ್ಕೆ ಮನೆಯವರಿಟ್ಟ ಹೆಸರು 'ಬಾರದವರ ಅಟ್ಟ'. ಒಂದು ಪರದೆ, ಯಾವುದೋ ಮಗುವಿನ ಶಾಲೆಯ ಸಮವಸ್ತ್ರ, ತೋಳಿನ ತುದಿಯಲ್ಲಿ ಸಿಗರೇಟು ಸುಟ್ಟ ತೂತಿರುವ ದಪ್ಪ ಕರೀ ಕೋಟು, ಈ ನೀಲಿ ಗೀಟಿನ ಅಂಗಿ. ಪರದೆಯ ಅಂಚಿನಲ್ಲೂ ಮಿಕ್ಕವುಗಳ ಕೊರಳಪಟ್ಟಿಯ ಒಳಗೂ ಅಕ್ಕ ಮಸಿಯಲ್ಲಿ ಅದ್ದಿದ ಕಡ್ಡಿಯಿಂದ ಬರೆದ ಗುರುತು. ಆ ಮಸಿ ಎಷ್ಟು ಒಗೆದರೂ ಹೋಗುವುದಲ್ಲ.

ಕರೀ ಕೋಟಿಗೂ ನೀಲಿ ಅಂಗಿಗೂ ನಂಟಿತ್ತು. ಸೊಸೆಗೆ ಅದನ್ನು ಯಾರೂ ಹೇಳಿರಲಿಲ್ಲ.

ಮೂರನೇ ದಿನ ಕನ್ನಡಕದ ಹುಡುಗಿ ಬಂದಳು. ಮೊದಲ ವರ್ಷದ ವಿದ್ಯಾರ್ಥಿನಿ. ಕೋಟಿನ ಮೇಲೆ ಟೀ ಚೆಲ್ಲಿಕೊಂಡು, ತುರ್ತಾಗಿ ಒಗೆದುಕೊಡಿ ಎಂದು ಗೋಗರೆದು, ಕಾಯುತ್ತ ಕುಳಿತಳು. ಅಕ್ಕ ತೋಳು ಮಡಚಿ ಪೆಟ್ಟಿಗೆ ಎತ್ತಿದಾಗ ಹುಡುಗಿ ಅವಳ ಮುಂಗೈ ನೋಡಿದಳು.

"ಅಕ್ಕ, ಇದೆಲ್ಲ ಸುಟ್ಟ ಗಾಯನಾ?"

"ಇಸ್ತ್ರಿ ಮಾಡೋರ ಕೈ ಇನ್ನೇನಾಗಿರುತ್ತೆ?"

"ನಮ್ಮ ಡಿಸೆಕ್ಷನ್ ಟೇಬಲ್ ಮೇಲೆ ಕುಯ್ಯೋಕಿಟ್ಟಿರೋ ಬಾಡಿಗೂ ಹೀಗೇ ಇದೆ. ಸಣ್ಣದಲ್ಲ, ಪೆಟ್ಟಿಗೆ ಮೂತಿ ಪೂರ್ತಿ ಒತ್ತಿದ ಹಾಗೆ. ನಾವು ಅವರನ್ನ ಇಸ್ತ್ರಿ ತಾತ ಅಂತೀವಿ." ಹುಡುಗಿ ನಕ್ಕಳು.

ಅಕ್ಕನ ಕೈ ನಿಂತಿತು. "ಯಾವ ಕೈ ಮೇಲೆ?"

"ಎಡಗೈ. ಮೊಣಕೈಯಿಂದ ಕೆಳಗೆ, ಒಳಭಾಗದಲ್ಲಿ."

ಅಕ್ಕ ಪೆಟ್ಟಿಗೆಯನ್ನು ಕೋಟಿನ ಮೇಲೆಯೇ ಬಿಟ್ಟು, ಚಪ್ಪಲಿ ಕಳಚಿ, ಬಲಗಾಲನ್ನು ಹುಡುಗಿಯ ಮುಂದೆ ಚಾಚಿದಳು. ಕಿರುಬೆರಳು ಪಕ್ಕದ ಬೆರಳಿನ ಮೇಲೇರಿ ಕುಳಿತಿತ್ತು. ಅಪ್ಪನಿಂದ ಬಂದದ್ದು ಅದು.

"ಅವನ ಕಾಲೂ ಹೀಗಿದೆಯಾ?"

ಹುಡುಗಿಯ ನಗು ಇಳಿಯಿತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. "ಅಕ್ಕ... ನಿಮಗೆ ಹೇಗೆ ಗೊತ್ತು?"

ಆ ಕೋಟು ಅವತ್ತು ಸುಟ್ಟಿತು. ಐವತ್ತು ವರ್ಷದ ಕಸುಬಿನಲ್ಲಿ, ತನ್ನ ಮುಂಗೈ ಬಿಟ್ಟರೆ, ಅಕ್ಕ ಸುಟ್ಟದ್ದರಲ್ಲಿ ಎರಡನೆಯದು ಅದು. ಮೊದಲನೆಯದು ತಮ್ಮನ ಕೈ. ಆಗ ಅವಳಿಗೆ ಹನ್ನೆರಡು, ಅವನಿಗೆ ಆರು.

ತಮ್ಮನಿಗೆ ಮನೆಯಲ್ಲಿ ಇಟ್ಟ ಹೆಸರು ಮುನಿಸಪ್ಪ. ಮೂಗಿನ ತುದಿಯಲ್ಲೇ ಮುನಿಸು. ಯಾರಾದರೂ ಗದರಿದರೆ ಒಣಗಿದ ಬಟ್ಟೆಯ ಗುಡ್ಡೆಯ ಹಿಂದೆ ಹೋಗಿ ಕೂತು, "ನನಗೆ ಯಾರೂ ಇಲ್ಲ" ಎಂದು ಊರಿಗೆಲ್ಲ ಕೇಳುವಂತೆ ಸಾರುತ್ತಿದ್ದ. ಅಕ್ಕ ಸ್ವಲ್ಪ ಹೊತ್ತು ಬಿಟ್ಟು ತಟ್ಟೆಯನ್ನು ಠಣ್ಣೆಂದು ಕುಕ್ಕಿ, "ಯಾರೂ ಇಲ್ಲದವನೇ, ಊಟಕ್ಕೆ ಬಾ!" ಎಂದು ಕೂಗುತ್ತಿದ್ದಳು. ಎದ್ದು ಬರುತ್ತಿದ್ದ. ತಲೆ ನರೆತ ಮೇಲೂ ಇದೇ ಆಟ. ಆ ಮನೆಯಲ್ಲಿ 'ಯಾರೂ ಇಲ್ಲ' ಎಂದರೆ 'ನನ್ನನ್ನು ಕರೆಯಿರಿ' ಎಂದೇ ಅರ್ಥವಾಗಿತ್ತು.

ಒಂಬತ್ತು ವರ್ಷದ ಹಿಂದೆ ಅವನು ಅಟ್ಟದ ಕರೀ ಕೋಟನ್ನು ಹಾಕಿಕೊಂಡು ಗೆಳೆಯನ ಮದುವೆಗೆ ಹೋಗಿ ತೋಳಿಗೆ ಸಿಗರೇಟು ತಾಗಿಸಿಕೊಂಡು ಬಂದ. ಗಿರಾಕಿಗಳ ಮುಂದೆಯೇ ಅಕ್ಕ, "ಕೇಳದೆ ಮುಟ್ಟಿದವನು ಕಳ್ಳ" ಎಂದುಬಿಟ್ಟಳು. ಅವನು ಹೊಸ್ತಿಲಲ್ಲಿ ನಿಂತು, "ಹಾಗಾದ್ರೆ ನನಗೆ ಯಾರೂ ಇಲ್ಲ" ಎಂದ. ಅಕ್ಕ ಇಸ್ತ್ರಿಯಿಂದ ತಲೆ ಎತ್ತಲಿಲ್ಲ. ಅವತ್ತು ತಟ್ಟೆ ಕುಕ್ಕಲಿಲ್ಲ. ಅವನು ಬಿಟ್ಟು ಹೋದದ್ದು ಒಂದು ಅಂಗಿ ಮಾತ್ರ, ನೀಲಿ ಗೀಟಿನದು.

"ಮಾಮನೇ ಅಂತ ಹೇಗೆ ಹೇಳ್ತೀಯಮ್ಮ?" ಸಂಜೆ ಊಟಕ್ಕೆ ಕೂತಾಗ ಮಗ ಕೇಳಿದ. "ಇಸ್ತ್ರಿ ಮಾಡೋರು ಊರಲ್ಲಿ ಅವರೊಬ್ಬರೇನಾ?"

"ನನ್ನ ಕೈಯಾರೆ ಹಾಕಿದ ಬರೆ ನನಗೆ ಗೊತ್ತಾಗಲ್ವಾ?"

"ಆಗಿದ್ದು ಆಗ್ಹೋಯ್ತು. ಈಗ ಹೋಗಿ ಕೇಳಿದ್ರೆ ಕಾಲೇಜಿನೋರು ಸುಮ್ನಿರ್ತಾರಾ? ಮುನ್ನೂರು ಕೋಟು ಅಮ್ಮ. ಆಟೋ ಕಂತು, ಮಗಳ ಫೀಸು, ಎಲ್ಲ ಅದರಲ್ಲೇ."

"ನಿನ್ನನ್ನ ಹೆಗಲ ಮೇಲೆ ಹೊತ್ಕೊಂಡು ಶಾಲೆಗೆ ಬಿಟ್ಟವನು ಅವನು."

"ಹೊತ್ಕೊಂಡಿದ್ದು ನೆನಪಿದೆ. ಹೇಳದೆ ಹೋಗಿದ್ದೂ ನೆನಪಿದೆ."

ಏಳು ವರ್ಷದ ಮೊಮ್ಮಗಳು ಮೊಟ್ಟೆಯ ಹಳದಿಯನ್ನು ಕೊನೆಗೆಂದು ತಟ್ಟೆಯ ಅಂಚಿಗೆ ಸರಿಸಿಕೊಂಡಿದ್ದಳು. "ಅಜ್ಜಿ, ಆ ತಾತನ್ನ ಕೇಳಿ ಕುಯ್ದ್ರಾ?"

"ಸತ್ತೋರನ್ನ ಹೇಗೆ ಕೇಳ್ತಾರೆ?" ಎಂದು ಅಪ್ಪ ಗದರಿದ.

"ಸಾಯೋಕೆ ಮುಂಚೆ ಕೇಳ್ಬೋದಿತ್ತಲ್ಲ?"

ಸೊಸೆ ಎದ್ದು ಅಟ್ಟದ ಕಡೆ ಒಮ್ಮೆ ನೋಡಿ, ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ಆಸ್ಪತ್ರೆಯ ದಾಖಲೆ ಕೋಣೆಗೆ ಅತ್ತೆಯ ಜೊತೆ ಸೊಸೆಯೇ ಹೋದಳು. ಗುಮಾಸ್ತ ದಪ್ಪ ರಿಜಿಸ್ಟರು ತಿರುವಿ, ಬೆರಳಿಟ್ಟು ಓದಿದ. ಕಳೆದ ವರ್ಷ ದಾಖಲು. ಶ್ವಾಸಕೋಶದ ಕಾಯಿಲೆ. ಹನ್ನೊಂದು ದಿನ ವಾರ್ಡಿನಲ್ಲಿದ್ದು ತೀರಿಕೊಂಡದ್ದು. ಕೊನೆಯ ಕಾಲಮ್ಮು, ಸಂಬಂಧಿಕರು.

"'ಯಾರೂ ಇಲ್ಲ'. ರೋಗಿಯೇ ಹೇಳಿದ್ದು ಅಂತ ಬರೆದಿದೆ ನೋಡಿ. ನಮ್ಮದೇನೂ ತಪ್ಪಿಲ್ಲಮ್ಮ."

ಅಕ್ಕನಿಗೆ ಮೊದಲು ಬಂದದ್ದು ನಗು. ಆ ನಗು ಎಲ್ಲಿ ಅಳುವಾಯಿತೆಂದು ಪಕ್ಕದಲ್ಲಿದ್ದ ಸೊಸೆಗೂ ತಿಳಿಯಲಿಲ್ಲ.

"ಅಯ್ಯೋ, ಅವನು ಮುನಿಸ್ಕೊಂಡಿದ್ದ ಕಣಪ್ಪ! ಕರೀಲಿ ಅಂತ ಹೇಳಿದ್ದು ಅದು. ನೀನು ಬರ್ಕೊಂಡ್ಬಿಟ್ಟೆಯಾ?"

ವಾರ್ಡಿನ ಹಳೆಯ ಸಿಸ್ಟರ್‌ಗೆ ಅವನ ನೆನಪಿತ್ತು. ಕಿಟಕಿ ಪಕ್ಕದ ಮಂಚವೇ ಬೇಕೆಂದು ಹಟ ಹಿಡಿದಿದ್ದನಂತೆ. ಅಕ್ಕ ಹೋಗಿ ಆ ಕಿಟಕಿಯಲ್ಲಿ ನಿಂತಳು. ಕೆಳಗೆ ಹಿಂದಿನ ಗೇಟು, ಗೇಟಿನಾಚೆ ಓಣಿ, ಓಣಿಯಲ್ಲಿ ತಂತಿಯ ಮೇಲೆ ಒಣಗುತ್ತಿದ್ದ ಬಿಳಿ ಕೋಟುಗಳು. ಅಕ್ಕ ಬಟ್ಟೆ ಹರವುವುದನ್ನು ಹನ್ನೊಂದು ದಿನವೂ ಅವನು ಇಲ್ಲಿಂದ ನೋಡುತ್ತಿದ್ದ. ಅವಳು ತಲೆ ಎತ್ತಿರಲಿಲ್ಲ. ಸೊಸೆ ಅತ್ತೆಯ ಬೆನ್ನ ಮೇಲೆ ಕೈಯಿಟ್ಟಳು, ಎಂಟು ವರ್ಷದಲ್ಲಿ ಮೊದಲ ಸಲ.

ಅಂಗರಚನಾ ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ. ಕೂರಿಸಿದರು, ಟೀ ತರಿಸಿದರು, ಪಾಪ ಎಂದರು. ಆಮೇಲೆ ಒಂದು ಹಾಳೆ ಮುಂದಿಟ್ಟರು.

"ಕಾನೂನಿನ ಪ್ರಕಾರವೇ ತಗೊಂಡಿದ್ದೀವಿ. ಕಾದಿದ್ದೀವಿ, ಪತ್ರಿಕೇಲಿ ಪ್ರಕಟಣೆ ಕೊಟ್ಟಿದ್ದೀವಿ. ಯಾರೂ ಬರಲಿಲ್ಲ."

"ನಮ್ಮನೆಗೆ ಪತ್ರಿಕೆ ಬರೋದು ಬಟ್ಟೆ ಕಟ್ಟೋಕೆ ಸಾರ್. ಆ ಪ್ರಕಟಣೇಲಿ ನಿಮ್ಮ ಕೋಟೇ ಕಟ್ಟಿ ಕಳಿಸಿರ್ತೀನಿ."

ಅವರು ಕೆಮ್ಮಿದರು. "ಇದು ಒಪ್ಪಿಗೆ ಪತ್ರ. ಇಲ್ಲೊಂದು ಸಹಿ ಹಾಕಿ. ತಾರೀಕು ಆಗಿನದೇ ಹಾಕೋಣ. ನಿಮ್ಮ ತಮ್ಮನ ಹೆಸರಲ್ಲಿ ಕೃತಜ್ಞತಾ ಪತ್ರ ಕೊಡ್ತೀವಿ, ಗೌರವವಾಗಿರುತ್ತೆ."

"ಊಟ ಮುಗಿಸಿ ಕೈ ತೊಳ್ಕೊಂಡ್ಮೇಲೆ ಬಡಿಸ್ಲಾ ಅಂತ ಕೇಳ್ತೀರಲ್ಲ?"

"ನೋಡಿಯಮ್ಮ, ಹುಡುಗರು ಕಲೀಬೇಕು. ನಾಳೆ ನಿಮಗೇ ಆಪರೇಷನ್ ಆಗಬೇಕಾದ್ರೆ? ಕಲಿಯದ ಡಾಕ್ಟರ ಕೈಗೆ ಹೋಗ್ತೀರಾ?"

"ಇಲ್ಲ. ಕಲ್ತಿರೋರ ಹತ್ರಾನೇ ಹೋಗ್ತೀನಿ. ಆದ್ರೆ ಅವರೂ ಕುಯ್ಯೋಕೆ ಮುಂಚೆ ನನ್ನ ಸಹಿ ಹಾಕಿಸ್ಕೋತಾರೆ, ಅಲ್ವಾ? ಉಸಿರಿದ್ರೆ ಕೇಳ್ತೀರಿ, ಉಸಿರು ಹೋದ್ರೆ ಕೇಳಲ್ಲ."

"ಅವರೇ ಹೇಳಿದಾರೆ, ಯಾರೂ ಇಲ್ಲ ಅಂತ."

"ಯಾರೂ ಇಲ್ಲ ಅಂದ. ಕುಯ್ಯಿರಿ ಅಂದ್ನಾ?"

ಮುಖ್ಯಸ್ಥರು ಟೀ ಲೋಟ ತಿರುಗಿಸಿದರು. ಅಕ್ಕನ ದನಿ ಏರಿತು.

"ನನ್ನ ಅಂಗಡಿ ಅಟ್ಟದ ಮೇಲೆ ಮೂವತ್ತು ವರ್ಷದ ಬಟ್ಟೆ ಇದೆ ಸಾರ್. ಯಾರೂ ಬಂದಿಲ್ಲ. ಬರೋದೂ ಇಲ್ಲ, ಗೊತ್ತು. ಒಂದನ್ನೂ ನಾನು ಉಟ್ಟಿಲ್ಲ. ಅಂಥ ಒಂದು ಕೋಟಿಗೋಸ್ಕರ ಒಡಹುಟ್ಟಿದವನನ್ನೇ ಆಚೆ ಹಾಕ್ದೆ. ಒಂದು ಬಟ್ಟೆಗಿರೋ ಮರ್ಯಾದೆ ಅವನ ಮೈಗಿಲ್ವಾ?"

ಹಾಳೆ ಮೇಜಿನ ಮೇಲೆಯೇ ಉಳಿಯಿತು. ಟೀಯೂ ಉಳಿಯಿತು.

ಮನೆಗೆ ಬಂದದ್ದೇ ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅತ್ತೆ, ಈ ವಾರದ ಮುನ್ನೂರು ಕೋಟು ನಮ್ಮ ಹತ್ರಾನೇ ಇದೆ. ಕೊಡೋದು ಬೇಡ. ಕೋಟಿಲ್ದೆ ಒಳಗೆ ಬಿಡಲ್ವಂತೆ. ಅವರೇ ಓಡ್ಬರ್ತಾರೆ."

"ಅವರ ಕೋಟು ಅವರದ್ದು. ನಾನು ತಡೆದಿಟ್ಕೊಂಡ್ರೆ ನನಗೂ ಅವರಿಗೂ ಏನೇ ವ್ಯತ್ಯಾಸ?"

"ನಿಮ್ಮ ನ್ಯಾಯ ಇಟ್ಕೊಂಡು ನೀವೇ ನೆಕ್ಕಿ!" ಎಂದು ಸೊಸೆ ಒಳಗೆ ಹೋದವಳು, ಐದು ನಿಮಿಷಕ್ಕೆ ಕೆಂಡ ತುಂಬಿಕೊಂಡು ಬಂದು ಅತ್ತೆಯ ಪಕ್ಕ ನಿಂತಳು. ಇಬ್ಬರೂ ಸೇರಿ ಮುನ್ನೂರು ಕೋಟನ್ನು ಒಂದು ಸುಕ್ಕಿಲ್ಲದಂತೆ ಇಸ್ತ್ರಿ ಮಾಡಿದರು. ಗಂಟಿನ ಜೊತೆ ಅಕ್ಕ ಮಗನ ಬಾಯಲ್ಲಿ ಒಂದು ಮಾತು ಕಳಿಸಿದಳು. ಇನ್ನು ಮುಂದೆ ಕೋಟು ಕಳಿಸಬೇಡಿ, ನನ್ನ ತಮ್ಮನ ಮೈ ಕೆಡದಂತೆ ಹಾಕಿದ ಮದ್ದಿನ ವಾಸನೆ ನಾನು ಒಗೆಯುವುದಿಲ್ಲ.

ಮಗ ಆ ಮಾತು ಹೇಳಿ ಬಂದು ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟ.

ಕೋಟು ಕಳಿಸಿದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹೋಗಿ ಡಿಸೆಕ್ಷನ್ ಹಾಲಿನ ಬಾಗಿಲ ಪಕ್ಕ ಕುಳಿತಳು. ಕೂಗಾಟವಿಲ್ಲ, ಬೋರ್ಡಿಲ್ಲ. ಒಳಗೆ ಹೋಗುವ ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿದಳು.

"ಕೇಳಿದ್ರಾ?"

"ಯಾರನ್ನ ಅಜ್ಜಿ?"

"ಒಳಗೆ ಮಲಗಿರೋನನ್ನ."

ಕೆಲವರು ನಕ್ಕರು. ಕೆಲವರು ತಲೆ ತಗ್ಗಿಸಿ ಸರಸರ ನಡೆದರು. ಕಾವಲುಗಾರನ ಸಮವಸ್ತ್ರಕ್ಕೆ ಗಂಜಿ ಹಾಕುವವಳೂ ಅಕ್ಕನೇ, ಹಾಗಾಗಿ ಅವನಿಗೆ ಪೀಕಲಾಟ.

"ಅಕ್ಕ, ನಿಮ್ಮನ್ನ ದೂರ ಕೂರಿಸು ಅಂದಿದಾರೆ."

"ಎಷ್ಟು ದೂರ?"

"ಅದನ್ನ ಹೇಳಿಲ್ಲ."

ಅಕ್ಕ ಕುರ್ಚಿಯನ್ನು ಒಂದು ಗೇಣು ಸರಿಸಿಕೊಂಡಳು. ಅವನಿಗೂ ಅಷ್ಟು ಸಾಕಿತ್ತು.

ವಾರ ಎರಡಾಯಿತು. ಮನೆಯಲ್ಲಿ ಮೊಟ್ಟೆ ನಿಂತು ಬರೀ ಬೇಳೆ ಬೇಯತೊಡಗಿತು. ಸೊಸೆ ಓಣಿಯ ಮನೆಗಳಿಂದ ಹಾಸಿಗೆ ಹೊದಿಕೆ ಕೇಳಿ ತಂದು ಒಗೆದಳು. ಅತ್ತ ಕಾಲೇಜಿನ ಕೋಟುಗಳೂ ಬಣ್ಣಗೆಟ್ಟವು. ಹುಡುಗರು ಹಾಸ್ಟೆಲಿನ ಬಕೆಟ್ಟಿನಲ್ಲಿ ತಾವೇ ಅದ್ದಿ, ನೀಲಿ ಹೆಚ್ಚಾಗಿ, ಆಕಾಶದ ಬಣ್ಣ ಮಾಡಿಕೊಂಡು ಬಂದರು. ಅದನ್ನು ನೋಡಿ ಅಕ್ಕನಿಗೆ ಹೊಟ್ಟೆ ಉರಿಯಿತು. "ನೀಲಿ ಒಂದೇ ಚಮಚ ಕಣೋ, ಬಕೆಟ್ಟಿಗೆ ಒಂದೇ ಚಮಚ!" ಎಂದು ಬೈದು, ಮರುಕ್ಷಣ, "ಕೇಳಿದ್ಯಾ?" ಎಂದಳು.

ಮೂರನೇ ವಾರ ಕನ್ನಡಕದ ಹುಡುಗಿ ಬಾಗಿಲಲ್ಲೇ ನಿಂತಳು. "ಇಲ್ಲ ಅಕ್ಕ. ಕೇಳಿಲ್ಲ." ಒಳಗೆ ಹೋಗದೆ ಅಕ್ಕನ ಪಕ್ಕ ನೆಲದ ಮೇಲೆ ಕೂತಳು. ಮರುದಿನ ಅವಳ ಟೇಬಲಿನ ಏಳು ಜನರೂ ಕೂತರು. ಅದರ ಮರುದಿನ ಎಣಿಸುವುದನ್ನು ಕಾವಲುಗಾರ ಬಿಟ್ಟುಬಿಟ್ಟ.

ಅವತ್ತೇ ಮಧ್ಯಾಹ್ನ ಆಟೋ ಬಂದು ನಿಂತಿತು. ಮಗ ಊಟದ ಡಬ್ಬಿ ಹಿಡಿದು ಇಳಿದ. ಮುಖ ಕೆಂಪಾಗಿತ್ತು.

"ಏನೋ?"

"ಕಾಲೇಜಿನ ಸ್ಟೋರ್ ಮೇಲ್ವಿಚಾರಕ ಸಿಕ್ಕಿದ್ದ. 'ನಿಮ್ಮಮ್ಮನ್ನ ಮನೇಲಿ ಕೂರಿಸ್ಕೊಳ್ಳೋಕಾಗಲ್ವಾ, ಒಂದು ಅನಾಥ ಹೆಣಕ್ಕೆ ಇಷ್ಟು ರಾದ್ಧಾಂತನಾ' ಅಂದ."

"ನೀನೇನಂದೆ?"

"ಅನಾಥ ಹೆಣ ಅಲ್ಲ, ನಮ್ಮ ಮಾಮ ಅಂದೆ." ಅವನು ಡಬ್ಬಿಯ ಮುಚ್ಚಳ ತೆಗೆದ. "ಇನ್ನೂ ಒಂದೆರಡು ಅಂದೆ. ಬಾಯಿ ತಪ್ತು. ಇನ್ನು ಆ ಕೋಟು ನಮಗೆ ಸಿಕ್ಕಿದ ಹಾಗೇ."

"ಹೋಗ್ಲಿ ಬಿಡು."

"ಹೋಗ್ಲಿ," ಎಂದ ಅವನೂ, ತುತ್ತು ಕಲಸಿ ಅಮ್ಮನ ಕೈಗಿಟ್ಟು.

ನಾಲ್ಕನೇ ವಾರ ಮುಖ್ಯಸ್ಥರು ತಾವೇ ಹೊರಗೆ ಬಂದರು. ಕುರ್ಚಿಯ ಮುಂದೆ ನಿಂತುಕೊಂಡೇ ಮಾತಾಡಿದರು.

"ಬಿಟ್ಟುಕೊಡೋಕೆ ಅನುಮತಿ ಬಂದಿದೆಯಮ್ಮ. ನಾಳೆ ಕರ್ಕೊಂಡು ಹೋಗ್ಬಹುದು." ದನಿ ತಗ್ಗಿಸಿದರು. "ಆದ್ರೂ ಒಂದು ಮಾತು. ಆಗ ಕೇಳ್ಲಿಲ್ಲ, ತಪ್ಪಾಯ್ತು. ಈಗ ಕೇಳ್ತಿದ್ದೀನಿ. ಪಾಠ ಅರ್ಧಕ್ಕೆ ನಿಂತಿದೆ. ಇನ್ನೆರಡು ತಿಂಗಳು ಅವರನ್ನ ನಮ್ಮ ಹತ್ರ ಬಿಡ್ತೀರಾ?"

ಸುತ್ತ ಕೂತ ಹುಡುಗರೆಲ್ಲ ಅಕ್ಕನ ಮುಖ ನೋಡಿದರು. ಅಜ್ಜಿ ಕರಗುತ್ತಾಳೆ ಎಂದುಕೊಂಡವರೂ ಇದ್ದರು. ಅಕ್ಕ ಬಹಳ ಹೊತ್ತು ಯೋಚಿಸಿದಳು, ನಿಜವಾಗಿಯೂ ಯೋಚಿಸಿದಳು.

"ಕೇಳಿದ್ರಲ್ಲ ಸಾರ್, ಒಳ್ಳೇದಾಯ್ತು. ಇದನ್ನೇ ನಾನು ಕಾಯ್ತಾ ಇದ್ದಿದ್ದು. ಕೇಳಿದ್ಮೇಲೆ ಹೂಂ ಅನ್ಬಹುದು, ಇಲ್ಲ ಅನ್ಬಹುದು. ಅವನಿದ್ದಿದ್ರೆ ಏನಂತಿದ್ನೋ. ನಾನು ಹೇಳ್ತೀನಿ. ಇಲ್ಲ."

ಮುಖ್ಯಸ್ಥರು ತಲೆಯಾಡಿಸಿದರು. ಕುರ್ಚಿಯನ್ನು ಆಟೋದವರೆಗೆ ಕಾವಲುಗಾರ ಹೊತ್ತು ತಂದ.

ಮರುದಿನ ಬೆಳಿಗ್ಗೆ ಸೊಸೆ ಸ್ಟೂಲು ಹತ್ತಿ ಅಟ್ಟದಿಂದ ನೀಲಿ ಗೀಟಿನ ಅಂಗಿ ಇಳಿಸಿ, ತಾನೇ ಇಸ್ತ್ರಿ ಮಾಡಿದಳು. "ಕರೀ ಕೋಟೂ ಹಾಕಿ ಕಳಿಸೋಣ್ವಾ ಅತ್ತೆ? ಒಂಬತ್ತು ವರ್ಷದಲ್ಲಿ ಯಾರೂ ಬಂದಿಲ್ಲ."

"ಅದು ಅವನದ್ದಲ್ಲ," ಎಂದಳು ಅಕ್ಕ. ಇಬ್ಬರಿಗೂ ಸಣ್ಣಗೆ ನಗು ಬಂತು.

ನೋಡುವ ಸ್ಥಿತಿಯಲ್ಲಿಲ್ಲ, ಬೇಡ ಎಂದರು ವಿಭಾಗದವರು. ಅಕ್ಕ ಕೇಳಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಮೈಯ ಎಡಗೈ ಭಾಗವನ್ನಷ್ಟೇ ಬಿಡಿಸಿ ನೋಡಿದಳು. ಬರೆ ಇತ್ತು. ಆ ಚರ್ಮವನ್ನು ಯಾರೂ ಬಿಡಿಸಿರಲಿಲ್ಲ. ಕನ್ನಡಕದ ಹುಡುಗಿ ತಾನೇ ಬೇಡವೆಂದಿದ್ದಳಂತೆ. ಅಕ್ಕ ಅಂಗಿಯನ್ನು ಸುತ್ತಿದ ಬಟ್ಟೆಯ ಮೇಲೆ ಹರವಿ, ಕೊರಳಪಟ್ಟಿ ಸರಿಮಾಡಿ, ಒಂದೊಂದೇ ಗುಂಡಿ ಹಾಕಿದಳು. ಮಗ ಮುಖ ತಿರುಗಿಸಿ ಅತ್ತ.

"ಇನ್ಮೇಲೆ ವಾರ್ಡಲ್ಲೇ ಕೇಳಿ ಬರೆಸ್ಕೋತಾರಂತೆ ಅಕ್ಕ," ಎಂದಳು ಹುಡುಗಿ.

"ಕೇಳಲಿ. ಕೇಳ್ದೇ ಇದ್ರೆ ಕುರ್ಚಿ ಇದೆ, ಗೇಟೂ ದೂರ ಇಲ್ಲ."

ಹೊರಡುವ ಮುನ್ನ ದಾಖಲೆ ಕೋಣೆಯಲ್ಲಿ ಸಹಿ ಮಾಡಬೇಕಿತ್ತು. ಗುಮಾಸ್ತ ಅದೇ ರಿಜಿಸ್ಟರು ತೆಗೆದು ಸಹಿಯ ಜಾಗ ತೋರಿಸಿದ. ಅಕ್ಕನ ಕಣ್ಣು ಹೋದದ್ದು ಪಕ್ಕದ ಕಾಲಮ್ಮಿಗೆ.

"ಇದನ್ನ ಹೊಡೆದು ಹಾಕು ಅಂತ ಮಾತ್ರ ಹೇಳ್ಬೇಡಿಯಮ್ಮ," ಎಂದ ಗುಮಾಸ್ತ ಮೊದಲೇ. "ರೋಗಿ ಹೇಳಿದ ಮಾತು. ಬದಲಾಯಿಸೋ ಹಾಗಿಲ್ಲ."

"ಬೇಡಪ್ಪ. ಅವನ ಮಾತು ಅವನದ್ದೇ, ಹಾಗೇ ಇರಲಿ. ಪಕ್ಕದಲ್ಲಿ ಜಾಗ ಇದೆಯಲ್ಲ."

ಸೆರಗಿನ ಗಂಟಿನಿಂದ ಅಕ್ಕ ಮಸಿಯ ಪುಟ್ಟ ಸೀಸೆ ತೆಗೆದಳು, ಜೊತೆಗೆ ಗುರುತು ಹಾಕುವ ಕಡ್ಡಿ. ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ 'ಯಾರೂ ಇಲ್ಲ' ಎಂಬುದರ ಮುಂದೆ, ಕೊರಳಪಟ್ಟಿಯ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ ಬರೆದಳು.

ಊಟಕ್ಕೆ ಬಾ. ಅಕ್ಕ.

"ಅಯ್ಯೋ, ಏನಮ್ಮ ಇದು! ಸರ್ಕಾರಿ ರಿಜಿಸ್ಟರು!" ಗುಮಾಸ್ತ ಕರವಸ್ತ್ರದಿಂದ ಒರೆಸಹೋದ.

ಅಕ್ಕ ಸೀಸೆಯ ಬಿರಡೆ ಬಿಗಿದಳು.

"ಒರೆಸಿದ್ರೆ ಹೋಗಲ್ಲಪ್ಪ," ಎಂದಳು. "ಒಗೆದು ನೋಡು. ಒಗೆದ್ರೂ ಹೋಗಲ್ಲ."